ಸಿಹಿ ಹದವಾಗಿದೆ

ಪ್ರೀತಿಯ ಅಕ್ಕನಿಗೆ,

ಜ್ವರ ಬಿಟ್ಟು ಎರಡು ತಿಂಗಳಾದರೂ ನಾಲಿಗೆಗೆ ರುಚಿಯೇ ತಿಳಿಯುತ್ತಿಲ್ಲ. ಜ್ಯೂಸ್ ಕಾರ್ಖಾನೆಯಲ್ಲಿ ರುಚಿ ನೋಡುವುದೇ ನನ್ನ ಕೆಲಸವಾದ್ದರಿಂದ ಯಾರಿಗೂ ಹೇಳಿಲ್ಲ.

ಇವತ್ತು ಸೀಬೆಹಣ್ಣಿನ ಜ್ಯೂಸಿನ ಹೊಸ ಬಾಟಲಿ ಮುಂದಿಟ್ಟರು. ಕೈಗೆ ಚೆನ್ನಾಗಿ ಕೂರುತ್ತದೆ, ಮುಚ್ಚಳ ಸಲೀಸಾಗಿ ತಿರುಗುತ್ತದೆ, ಆದರೆ ಲೇಬಲ್ಲಿನ ಹಸಿರು ಅಕ್ಷರ ಓದಲು ಕಷ್ಟ ಎಂದೆ. ಒಂದು ಗುಟುಕು ಕುಡಿದು, "ಸಿಹಿ ಹದವಾಗಿದೆ" ಎಂದೂ ಸೇರಿಸಿದೆ.

"ಅಯ್ಯೋ ಮೇಡಂ, ಅದು ಲೇಬಲ್ ತೋರಿಸೋಕೆ ತುಂಬಿದ ಬಣ್ಣದ ನೀರು ಕಣ್ರೀ!" ಎಂದರು ಮ್ಯಾನೇಜರ್. ನಾನು ತಮಾಷೆ ಮಾಡಿದೆನೆಂದು ಎಲ್ಲರೂ ನಕ್ಕರು. ನಾನೂ ನಕ್ಕೆ.

ಸೋಮವಾರ ನಿಜವಾದ ಜ್ಯೂಸ್ ಬರುತ್ತದೆ. ಏನು ಹೇಳಬೇಕೋ ತೋಚುತ್ತಿಲ್ಲ.

ಭಾನುವಾರ ಊಟಕ್ಕೆ ಬಾ. ಅಡುಗೆಗೆ ಉಪ್ಪು ಮಾತ್ರ ನೀನೇ ಹಾಕು. ಎರಡು ತಿಂಗಳಿಂದ ನಾನು ಮಾಡಿದ್ದನ್ನು ಅಮ್ಮ ಏನೂ ಅನ್ನದೆ ಉಣ್ಣುತ್ತಿದ್ದಾಳೆ.

ನಿನ್ನ ತಂಗಿ