ಗುಂಡಿಯಿಲ್ಲದ ಅಂಗಿ

ಪ್ರೀತಿಯ ಅಕ್ಕಾ,

ಬೆಳೆಯುವ ಮೈ ಎಂದು ನೀನು ಹೊಲಿಗೆಯೊಳಗೆ ಬಿಟ್ಟಿದ್ದ ಬಟ್ಟೆಯನ್ನೂ ಬಿಚ್ಚಿಸಿದೆ, ಆದರೂ ಅಂಗಿ ಭುಜದಲ್ಲಿ ಹಿಡಿಯುತ್ತಿದೆ. ನಾನು ಕಳಿಸಿದ ಫೋಟೋ ನೋಡಿ, "ನನ್ನ ತಮ್ಮ ಆನೆ ಥರ ಆಗಿದಾನೆ" ಎಂದು ನಿನ್ನ ಹೊಲಿಗೆ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದೀಯಂತೆ. ಹೇಳಬೇಡ. ಕೋಚ್ ಕೊಡಿಸಿದ ಬೆಳವಣಿಗೆ ಹಾರ್ಮೋನಿನ ಇಂಜೆಕ್ಷನ್ನಿಂದ ಮೈ ಬಂತು, ಬಲ ಬರಲಿಲ್ಲ. "ಇದ್ರಲ್ಲಿ ಜಾಸ್ತಿ ನೀರೇ ಕಣಪ್ಪ" ಎಂದರು ಡಾಕ್ಟರು. ಮೊದಲು ಸಲೀಸಾಗಿ ಎತ್ತುತ್ತಿದ್ದ ಭಾರ ಈಗ ನೆಲ ಬಿಟ್ಟು ಏಳುವುದಿಲ್ಲ. ವೇಟ್‌ಲಿಫ್ಟಿಂಗ್ ತಂಡದಿಂದ ನನ್ನನ್ನು ಕೈಬಿಟ್ಟರು.

ಹೊಸ ಅಂಗಿ ದೊಗಳೆಯಾಗಿ ಹೊಲಿ. ಗುಂಡಿ ಬೇಡ, ತಲೆಯಿಂದ ಹಾಕಿಕೊಳ್ಳುವ ಹಾಗಿರಲಿ. ಅದೇ ಇಂಜೆಕ್ಷನ್ನಿಂದ ಬೆರಳುಗಳೂ ಮರಗಟ್ಟಿವೆ. ದಿನಾ ಗುಂಡಿ ಹಾಕಿಕೊಡುವವನು, ಈ ಪತ್ರ ಬರೆದುಕೊಡುತ್ತಿರುವವನು, ನನ್ನ ರೂಮಿನ ಗೆಳೆಯ. ತಂಡದಲ್ಲಿ ನನ್ನ ಜಾಗ ಈಗ ಅವನದು. ಅವನಿಗೂ ಇಂಜೆಕ್ಷನ್ ಶುರುವಾಗಿದೆ.

ಅವನಿಗೂ ಅಂಥದ್ದೇ ಒಂದು ಅಂಗಿ ಹೊಲಿದಿಡು.

ನಿನ್ನ
ಕಡ್ಡಿ ಪೈಲ್ವಾನ