ಬರಿಗೈ ಬಾಗಿಲು

ಮೂರನೇ ಊರು
ಕ್ರಿ.ಶ. ೨೧೯೧, ಕಿರಿಬೇಸಿಗೆಯ ನಲವತ್ತೊಂದನೇ ದಿನ

ಗುಳಿಗೆ ಸುಗ್ಗಿಯ ಕಾಲದ ನನ್ನ ಹಿರಿಯರಿಗೆ ಮಗ್ಗದಮನಿ ದಾನವ್ವ ಮಾಡುವ ನಮಸ್ಕಾರ.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮಗೆ ಬೇಸಿಗೆ ಎರಡು. ಹಿರೇಬೇಸಿಗೆ ಮುಗಿದು ನಾಲ್ಕು ಮಳೆ ಬಿದ್ದು ಹೋದ ಮೇಲೆ ಕಿರಿಬೇಸಿಗೆ ಬಂದು ಕೂರುತ್ತದೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು, ಅದಕ್ಕೆ ಕ್ಷಮೆ ಇರಲಿ. ಉಳಿದ ಯಾವುದಕ್ಕೂ ನಾನು ಕ್ಷಮೆ ಕೇಳುವವಳಲ್ಲ. ಸಂಬಂಧದ ಲೆಕ್ಕದಲ್ಲಿ ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿಯರು. ಆದರೆ ಬರೆಯುತ್ತಿರುವ ನನಗೆ ಎಪ್ಪತ್ತೆಂಟು, ಓದುತ್ತಿರುವ ನಿಮಗೆ ಬಹುಶಃ ಮೂವತ್ತೋ ನಲವತ್ತೋ. ಆದ್ದರಿಂದ ನಾನು ಗದರಿದರೆ ಸಹಿಸಿಕೊಳ್ಳಿ.

ನಾನು ಹತ್ತನೇ ತರಗತಿ ಓದಿದವಳು. ಅದನ್ನು ಮುಚ್ಚಿಡುವುದಿಲ್ಲ, ಮೆರೆಸುವುದೂ ಇಲ್ಲ. ಹಿನ್ನೀರಿಗೆ ಮೊದಲ ಊರು ಹೋಯಿತು, ಎರಡನೆಯದೂ ಹೋಯಿತು. ಈಗ ಗುಡ್ಡದ ಮೇಲೆ ಕಟ್ಟಿಕೊಂಡದ್ದು ಮೂರನೆಯದು. ಮನೆಗಳ ಅರ್ಧ ಭಾಗ ಬಂಡೆಯೊಳಗಿದೆ, ಹೊರಗಿನ ಅರ್ಧಕ್ಕೆ ಸುಣ್ಣ ಬಳಿದಿದೆ. ಬಿಸಿಲು ನೆತ್ತಿಗೇರುವ ಮೊದಲು ದುಡಿಯುತ್ತೇವೆ, ಆಮೇಲೆ ಊರಿಗೆ ಊರೇ ಮಲಗುತ್ತದೆ, ಸಂಜೆ ಮತ್ತೆ ಮಗ್ಗಗಳ ಸದ್ದು ಏಳುತ್ತದೆ. ನೇಯುವುದು ಕುಪ್ಪಸದ ಖಣವನ್ನೇ. ನೀವು ತೊಟ್ಟ ಅದೇ ಅಂಚು, ಅದೇ ಹೂವು. ನೀರು ನಮ್ಮಿಂದ ಊರು ಕಸಿದುಕೊಂಡಿತು, ಖಣವನ್ನು ಕಸಿಯಲಿಲ್ಲ.

ವರ್ಷಕ್ಕೊಮ್ಮೆ ಇಲ್ಲಿನ ಶಾಲೆಯವರು ಹಿರಿಯರಿಂದ ಹಿಂದೋಲೆ ಬರೆಸುತ್ತಾರೆ. ಹಿಂದೋಲೆ ಎಂದರೆ ಮುಂದಿನವರು ಹಿಂದಿನವರಿಗೆ ಬರೆಯುವ ಓಲೆ. ನೀವು ಕೊರೆದು ಬಿಟ್ಟುಹೋದ ಒಣ ಕೊಳವೆಬಾವಿಗಳು ಗುಡ್ಡದ ತುಂಬ ಇವೆ. ಓಲೆಯನ್ನು ಸುರುಳಿ ಸುತ್ತಿ ಅದರೊಳಗೆ ಬಿಡುತ್ತೇವೆ. ಆಳಕ್ಕಿಳಿದಷ್ಟೂ ಹಳೆಯ ಕಾಲ ಸಿಗುತ್ತದೆ ಎಂದು ನಮ್ಮ ನಂಬಿಕೆ. ನಿಮ್ಮ ಕಾಲಕ್ಕೆ ನಾವು ಇಟ್ಟ ಹೆಸರು ಗುಳಿಗೆ ಸುಗ್ಗಿ. ಸೀನಿದರೆ ಆಂಟಿಬಯಾಟಿಕ್, ಗಂಟಲು ಕೆರೆದರೆ ಆಂಟಿಬಯಾಟಿಕ್, ಜ್ವರ ಇಳಿದ ಕೂಡಲೇ ಉಳಿದ ಗುಳಿಗೆ ಫ್ರಿಜ್ಜಿನ ಮೇಲೆ! ನೀವು ಅರ್ಧಕ್ಕೆ ಬಿಟ್ಟ ಗುಳಿಗೆಗಳಿಂದ ರೋಗಾಣುಗಳು ಪಾಠ ಕಲಿತು, ನಮ್ಮ ಕಾಲಕ್ಕೆ ಪಂಡಿತರಾಗಿವೆ. ಕ್ಷಯಕ್ಕೆ ನಾವೂ ಕ್ಷಯ ಎಂದೇ ಅನ್ನುತ್ತೇವೆ. ಹೆಸರು ಹಳೆಯದು, ಹಟ ಹೊಸದು. ಅದರ ಔಷಧೋಪಚಾರಕ್ಕೆ ನಮ್ಮಲ್ಲಿ ಎರಡುಗಾದಿ ಎನ್ನುತ್ತಾರೆ, ಏಕೆಂದರೆ ಅದು ಮುಗಿಯಬೇಕಾದರೆ ಎರಡು ಉಗಾದಿ ದಾಟಬೇಕು. ಅಷ್ಟು ದಿನ ಅಷ್ಟು ಗುಳಿಗೆಗಳನ್ನು ಅರಗಿಸುವ ಭಾರವೆಲ್ಲ ಬಲಪಕ್ಕೆಯ ಕೆಳಗಿನ ಯಕೃತ್ತಿನ ಮೇಲೆ. ನೀವು ಲಿವರ್ ಅನ್ನುತ್ತಿದ್ದಿರಂತೆ.

ನನ್ನ ಮೊಮ್ಮಗಳು ತಂಗೆವ್ವನಿಗೆ ಎರಡುಗಾದಿ ಶುರುವಾದಾಗ ಹತ್ತೊಂಬತ್ತು ವರ್ಷ. ಹತ್ತಿರದವರು, ದೂರದವರು, ಎಲ್ಲರೂ ನೋಡಲು ಬಂದರು. ಮಕ್ಕಳಿರುವ ಮನೆಗೆ, ಮುದುಕರ ಮನೆಗೆ, ರೋಗಿಯ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ನಿಮ್ಮಿಂದಲೇ ಕಲಿತ ಜನ ನಾವು. ಒಬ್ಬಳು ಬೇರಿನ ಕಷಾಯ ತಂದಳು, ಒಬ್ಬಳು ಬಳ್ಳಿಯ ಪುಡಿ, ಇನ್ನೊಬ್ಬಳು ಯಾರೋ ಸ್ವಾಮಿಗಳು ಕೊಟ್ಟ ಲೇಹ್ಯ. ಎಲ್ಲರದೂ ಒಂದೇ ಮಾತು, ಗುಳಿಗೆ ಉಷ್ಣ, ಇದು ಯಕೃತ್ತಿಗೆ ತಂಪು. ನಾನು ಮಗ್ಗದ ಮನೆಯಲ್ಲಿರುತ್ತಿದ್ದೆ. ತಂಗೆವ್ವ ಮೆತ್ತನೆಯ ಹುಡುಗಿ, ಕೊಟ್ಟದ್ದನ್ನೆಲ್ಲ ಕುಡಿದಳು. ಮೊದಲ ಉಗಾದಿ ಕಳೆಯುತ್ತಲೇ ಅವಳಿಗೆ ಅನ್ನ ಸೇರದಾಯಿತು, ಮೂತ್ರ ಚಹಾದ ಬಣ್ಣಕ್ಕೆ ತಿರುಗಿತು, ಕಣ್ಣಿನ ಬಿಳಿ ಅರಿಶಿನ ನೀರಿನಂತಾಯಿತು. ಅಂದೇ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರ್ ಮೆಹಜಬೀನ್ ರಕ್ತ ಪರೀಕ್ಷೆ ನೋಡಿ ಅಲ್ಲೇ ಗುಳಿಗೆ ನಿಲ್ಲಿಸಿದರು.

"ಅಜ್ಜಿ, ಗುಳಿಗಿ ಬಿಟ್ಟು ಈಕಿಗೆ ಮತ್ತೇನೇನು ಹೊಟ್ಟಿಗೆ ಹೋಗೇತಿ?"

"ನನ್ನ ಮನ್ಯಾಗ ರೊಟ್ಟಿ, ಪಲ್ಯ, ಮಜ್ಜಿಗಿ. ಮತ್ತೇನಿಲ್ಲ."

"ನಿಮ್ಮನ್ನಲ್ಲ, ಹುಡುಗಿನ್ನ ಕೇಳಾಕತ್ತೀನಿ."

ತಂಗೆವ್ವ ತಲೆ ತಗ್ಗಿಸಿದಳು. "ಬಂದೋರು ಪ್ರೀತಿಲೇ ತಂದಿರತಾರ್ರಿ. ಒಲ್ಲೆ ಅಂದ್ರ ಅವರ ಮನಸ್ಸು ನೋಯ್ತದಲ್ಲ?"

"ಯವ್ವಾ, ಅವರ ಮನಸ್ಸು ಉಳಸಾಕ ಹೋಗಿ ನಿನ್ನ ಯಕೃತ್ತು ಕಳೀತಿ ನೀ. ಇದು ತಣ್ಣಗಾಗಲಿ, ಆಮ್ಯಾಲೆ ಒಂದೊಂದೇ ಗುಳಿಗಿ ತಿರುಗಿ ಶುರು ಮಾಡೂಣು. ಇನ್ನೊಮ್ಮೆ ಹಿಂಗಾತಂದ್ರ ಬದಲಿ ಕೊಡಾಕ ನನ್ನ ಹಂತ್ಯಾಕ ಬ್ಯಾರೆ ಗುಳಿಗಿ ಇಲ್ಲ."

ಆ ಕೊನೆಯ ಮಾತನ್ನು ಅವರು ಹುಡುಗಿಗೆ ಹೇಳಿದರೂ ನೋಡಿದ್ದು ನನ್ನ ಕಡೆಗೆ. ಮನೆಗೆ ಬಂದವಳೇ ಗೋಡೆಯ ಗೂಡಿನಲ್ಲಿದ್ದ ಸೀಸೆ, ಪೊಟ್ಟಣಗಳನ್ನೆಲ್ಲ ಬಾಚಿ ಹೊರಗೆ ಹಾಕಿದೆ. ಸುಣ್ಣದ ಬಕೆಟ್ಟಿನಲ್ಲಿ ಎರಡೂ ಕೈ ಅದ್ದಿ ಬಾಗಿಲ ಪಕ್ಕದ ಬಂಡೆಯ ಮೇಲೆ ಒತ್ತಿದೆ. ಒಳಗೆ ಬರುವವರು ಆ ಗುರುತಿನ ಮುಂದೆ ನಿಂತು ಎರಡೂ ಅಂಗೈ ತೋರಿಸಬೇಕು. ಕೈ ಖಾಲಿ ಇದ್ದರೆ ಒಳಗೆ, ಇಲ್ಲವಾದರೆ ಹೊರಗಿನ ಕಟ್ಟೆ. ಊರು ನಕ್ಕಿತು. ನನಗೆ ಪೊಲೀಸ್ ದಾನವ್ವ ಎಂದು ಹೆಸರಿಟ್ಟರು. ಇಡಲಿ, ಅದಕ್ಕಿಂತ ಕೆಟ್ಟ ಹೆಸರು ಹೊತ್ತವಳು ನಾನು.

ಮೂರನೆಯ ದಿನ ನನ್ನ ಅಕ್ಕ ಕಾಶವ್ವ ಬಂದಳು. ಅವಳು ಕಾಮಣಿಗೆ, ಎಂದರೆ ಕಾಮಾಲೆಗೆ, ಎಲೆಮದ್ದು ಕೊಡುವವಳು. ಸುತ್ತಲಿನ ಗುಡ್ಡಗಳಲ್ಲೆಲ್ಲ ಅವಳ ಹೆಸರು ನಡೆಯುತ್ತಿತ್ತು. ಮೊಮ್ಮಗಳ ಕಣ್ಣು ಹಳದಿಯಾದ ಸುದ್ದಿ ಕೇಳಿ, ಸೆರಗಿನಲ್ಲಿ ಎಲೆ ಕಟ್ಟಿಕೊಂಡು ಬಿಸಿಲಲ್ಲಿ ಗುಡ್ಡ ಹತ್ತಿ ಬಂದಿದ್ದಳು.

"ಏ ದಾನಿ, ಗೂಟಾ ಬಡದಂಗ ನಿಂತೀಯಲ್ಲ, ಸರಿ ಅತ್ಲಾಗ."

"ಕೈ ತೋರ್ಸಕ್ಕಾ."

"ನನಗಾ? ನಿನ್ನ ಕುಂಡಿ ತೊಳದ ಕೈ ಇವು!"

"ತೊಳದ ಕೈ ಆದ್ರ ಒಳಗ ಬಾ. ತುಂಬಿದ ಕೈ ಆದ್ರ ಕಟ್ಟಿ ಮ್ಯಾಲ ಕುಂಡ್ರು."

"ನನ್ನ ಎಲಿಗೆ ಊರಿಗೂರೇ ಕೈ ಮುಗೀತೈತಿ. ನೀ ಅದನ್ನ ವಿಷ ಅಂತೀ ಏನು?"

"ನಾ ಹಂಗ ಅಂದಿಲ್ಲ. ಹುಡುಗಿ ಯಕೃತ್ತು ಅಂದ್ರ ಒಬ್ಬಾಕಿ ಸೊಸಿ ಇದ್ದಂಗ, ಎರಡು ಉಗಾದಿ ತನಕ ಗುಳಿಗಿ ಅನ್ನೋ ಬೀಗರನ್ನ ಸಂಬಾಳಸಾಕತ್ತಾಳ. ಬೆನ್ನು ಮುರದು ಕುಂತಾಳ ಅಕಿ. ಅಕಿಗೆ ಆಸರ ಆಗಲಿ ಅಂತ ನೀ ಇನ್ನೊಂದು ದಿಬ್ಬಣಾನ ಕರ್ಕೊಂಡು ಬಂದೀದಿ! ಅಕಿಗೆ ಬೇಕಾದ್ದು ಬೀಗರಲ್ಲ, ವಿಶ್ರಾಂತಿ."

ಅಕ್ಕ ಸೆರಗಿನ ಗಂಟು ಬಿಗಿದುಕೊಂಡಳು. ಕಟ್ಟೆಯ ಮೇಲೂ ಕೂರಲಿಲ್ಲ. ಒಳಗಿನಿಂದ ತಂಗೆವ್ವ, "ಕಾಶಜ್ಜಿ, ನೀರರ ಕುಡಿ ಬಾ" ಎಂದು ಕೂಗುತ್ತಿದ್ದಳು. ಬಾಗಿಲಲ್ಲಿ ನಾನಿದ್ದೆ. ಅಕ್ಕ ನೀರು ಕೂಡ ಕುಡಿಯದೆ ಇಳಿದು ಹೋದಳು. ಅವಳ ಹಿಮ್ಮಡಿ ಬಿರಿದು ರಕ್ತ ಬರುತ್ತಿದ್ದುದನ್ನು ಕಂಡೆ. ಕಂಡರೂ ಬಾಗಿಲು ಬಿಡಲಿಲ್ಲ. ನನ್ನ ಜೀವನದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಅದು. ಅತಿ ಸರಿಯಾದದ್ದೂ ಅದೇ.

ಮರುದಿನ ಬೆಳಕು ಹರಿಯುವಾಗ ಬಾಗಿಲಲ್ಲಿ ಕೆಮ್ಮಿದ ಸದ್ದು. ಅಕ್ಕ ಎರಡೂ ಕೈ ಮುಂದೆ ಚಾಚಿ ನಿಂತಿದ್ದಳು.

"ತಗೋ, ನೋಡ್ಕೋ ಪೊಲೀಸವ್ವಾ. ಹುಟ್ಟಿದಾಗಿಂದ ಯಾರ ಮನಿಗೂ ಬರಿಗೈಲೆ ಹೋದಾಕಿ ಅಲ್ಲ ನಾ. ಮೈಮ್ಯಾಲ ಅರಿವಿ ಇಲ್ಲದ ನಿಂತಂಗ ಆಗೇತಿ."

ನಾನು ಪಕ್ಕಕ್ಕೆ ಸರಿದೆ. ಅವಳು ತಂಗೆವ್ವನನ್ನು ಅಂಗಳದ ಬೆಳಕಿಗೆ ಕರೆತಂದು, ರೆಪ್ಪೆ ಕೆಳಗೆ ಜಗ್ಗಿ ಕಣ್ಣು ನೋಡಿದಳು. ಮದ್ದು ಕೇಳಿ ಬಂದವರ ಕಣ್ಣನ್ನು ಹೀಗೆಯೇ ನೋಡುತ್ತಿದ್ದಳು, ನೋಡಿದ ಮೇಲೆ ಸೆರಗಿಗೆ ಕೈ ಹಾಕುತ್ತಿದ್ದಳು. ಅಂದೂ ಕೈ ಸೆರಗಿಗೆ ಹೋಯಿತು, ಅಲ್ಲಿ ಏನೂ ಇರಲಿಲ್ಲ. ಒಂದು ಕ್ಷಣ ಆ ಕೈಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಆಮೇಲೆ ಅದು ಹುಡುಗಿಯ ತಲೆ ಸವರಿತು. "ಏನ್ ಉಂಡಿ ನಿನ್ನೆ?" ಎಂದು ಕೇಳಿದಳು. "ಅರ್ಧ ರೊಟ್ಟಿ, ಹೆಸರಬ್ಯಾಳಿ" ಎಂದಳು ತಂಗೆವ್ವ. "ನಾಳೆ ಮುಕ್ಕಾಲು ಉಣ್ಣು, ಇಲ್ಲಂದ್ರ ನಿಮ್ಮಜ್ಜಿ ನನ್ನ ಹಿಡದು ಜೇಲಿಗೆ ಹಾಕತಾಳ." ಹಳದಿಗಣ್ಣಿನ ಹುಡುಗಿ ಎಷ್ಟೋ ದಿನಗಳ ಮೇಲೆ ನಕ್ಕಳು.

ಆಮೇಲೆ ಕಾಶವ್ವ ದಿನವೂ ಬಂದಳು. ನೂಲು ಸುತ್ತಿದಳು, ರೊಟ್ಟಿ ತಟ್ಟಿದಳು, ಬೆಳಕಿನಲ್ಲಿ ಕಣ್ಣು ನೋಡಿದಳು. ಯಕೃತ್ತಿಗೆ ನಾವು ಕೊಟ್ಟ ಸಹಜ ಚಿಕಿತ್ಸೆ ಇಷ್ಟೇ. ಹೊತ್ತು ಹೊತ್ತಿಗೆ ಮನೆಯ ಊಟ, ಬೇಳೆ, ಸೊಪ್ಪು, ಬೇಕಾದಷ್ಟು ನೀರು, ಮಧ್ಯಾಹ್ನದ ನಿದ್ದೆ. ಸಾರಾಯಿ ಮನೆಯ ಹೊಸ್ತಿಲು ದಾಟಕೂಡದೆಂದಾಗ ನನ್ನ ಮಗ ಗೊಣಗಿದ, ಆದರೂ ಬಿಟ್ಟ. ತಲೆನೋವಿನ ಗುಳಿಗೆಯನ್ನೂ ಡಾಕ್ಟರರನ್ನು ಕೇಳದೆ ಕೊಡಲಿಲ್ಲ, ರಕ್ತ ಪರೀಕ್ಷೆಯ ದಿನ ಒಂದನ್ನೂ ತಪ್ಪಿಸಲಿಲ್ಲ. ಡಾಕ್ಟರರು ಒಂದೊಂದೇ ಗುಳಿಗೆಯನ್ನು ಮರಳಿ ಕೊಟ್ಟರು, ಯಕೃತ್ತು ಒಂದೊಂದನ್ನೇ ಒಪ್ಪಿಕೊಂಡಿತು. ನಡುವೆ ನಿಂತದ್ದರಿಂದ ನಮ್ಮ ಎರಡುಗಾದಿ ಮೂರನೇ ಉಗಾದಿಗೆ ಕಾಲಿಟ್ಟಿತು. ಆ ಹಬ್ಬದ ಬೆಳಿಗ್ಗೆ ಬೇವು ಬೆಲ್ಲದ ಮೊದಲು ತಂಗೆವ್ವ ಕೊನೆಯ ಗುಳಿಗೆ ನುಂಗಿದಳು. ಈಗ ಅವಳು ಇಡೀ ಮಗ್ಗದ ಮನೆಯನ್ನು ನಡೆಸುತ್ತಾಳೆ. ನಾನು ಈ ಪತ್ರ ಬರೆಯುತ್ತಿರುವ ಮೇಜಿನ ಮೇಲೆ ಹಾಸಿದ ಖಣ ಅವಳೇ ನೇಯ್ದದ್ದು, ಒಂದು ಎಳೆ ತಪ್ಪಿಲ್ಲ.

ಅಕ್ಕ ಎಲೆಮದ್ದನ್ನು ಪೂರ್ತಿ ಬಿಡಲಿಲ್ಲ, ಬಿಡು ಎಂದು ನಾನೂ ಹೇಳಲಿಲ್ಲ. ಆದರೆ ಬಂದವರನ್ನು ಮೊದಲು ಒಂದು ಮಾತು ಕೇಳುತ್ತಿದ್ದಳು: "ಯಾವ ಗುಳಿಗಿ ನುಂಗಾಕತ್ತಿ?" ಯಾವುದಾದರೂ ಒಂದು ಹೆಸರು ಬಂದರೆ ಸೆರಗು ಬಿಚ್ಚದೆ ಆಸ್ಪತ್ರೆಯ ದಾರಿ ತೋರಿಸುತ್ತಿದ್ದಳು. ಈಗ ಎರಡುಗಾದಿ ನಡೆಯುವ ಪ್ರತಿ ಮನೆಗೂ ಸುಣ್ಣದ ಕೈಗಳಿವೆ. ಅದನ್ನು ಬರಿಗೈ ಬಾಗಿಲು ಎನ್ನುತ್ತಾರೆ. ನಕ್ಕವರ ಮಕ್ಕಳೇ ಇಂದು ಅಂಗೈ ತೋರಿಸಿ ಒಳಗೆ ಹೋಗಿ ಪಾತ್ರೆ ತೊಳೆಯುತ್ತಾರೆ. ಮದ್ದು ಮುಗಿದ ಮೇಲೆ ಗುರುತು ಅಳಿಸುವುದು ಪದ್ಧತಿ. ನಮ್ಮ ಮನೆಯದನ್ನು ಮಾತ್ರ ನಾನು ಅಳಿಸಗೊಡಲಿಲ್ಲ. ನನ್ನ ಕೈಗಳ ಪಕ್ಕದಲ್ಲಿ ಅಕ್ಕನೂ ತನ್ನವನ್ನು ಒತ್ತಿದ್ದಳು. ಹೋದ ಮಳೆಯಲ್ಲಿ ಅವಳು ತೀರಿಕೊಂಡಳು. ಆ ಕೈಗಳು ಇನ್ನೂ ಇವೆ, ವರ್ಷಕ್ಕೊಮ್ಮೆ ನಾನೇ ಅವಕ್ಕೆ ಸುಣ್ಣ ತುಂಬುತ್ತೇನೆ.

ಹಿರಿಯರೇ, ನೀವು ನಮಗೆ ಬಿಟ್ಟುಹೋದದ್ದು ಬಹಳ. ಖಣ ಬಿಟ್ಟಿರಿ, ಉಗಾದಿ ಬಿಟ್ಟಿರಿ, ಒಣ ಬಾವಿಗಳನ್ನು ಬಿಟ್ಟಿರಿ, ಅರ್ಧ ನುಂಗಿದ ಗುಳಿಗೆಗಳನ್ನೂ ಬಿಟ್ಟಿರಿ. ಡಾಕ್ಟರರು ಬರೆದುಕೊಟ್ಟದ್ದನ್ನು ಪೂರ್ತಿ ನುಂಗಿ, ಬರೆಯದಿದ್ದಾಗ ಬೇಡಬೇಡಿ. ನಿಮ್ಮ ಮನೆಯಲ್ಲಿ ಯಾರಾದರೂ ಉದ್ದದ ಮದ್ದಿನಲ್ಲಿದ್ದರೆ ಬಾಗಿಲಿಗೆ ನೀವೇ ನಿಲ್ಲಿ, ಅಕ್ಕನೇ ಬಂದರೂ ಬಿಡಬೇಡಿ.

ನಮ್ಮ ಬಂಡೆಯ ಮೇಲೆ ಇನ್ನೂ ಜಾಗವಿದೆ. ಎಂದಾದರೂ ನಮ್ಮನ್ನು ನೋಡುವ ಮನಸ್ಸಾದರೆ ಗುಡ್ಡ ಹತ್ತಿ ಬನ್ನಿ. ನಾಚಿಕೆ ಬೇಡ, ನಮಗಾಗಿ ಏನನ್ನೂ ತರಬೇಡಿ. ಬಾಗಿಲಲ್ಲಿ ನಿಂತು ಎರಡೂ ಕೈ ತೋರಿಸಿ. ಖಾಲಿ ಇದ್ದರೆ ನಾನೇ ಎದ್ದು ಬಂದು ಒಳಗೆ ಕರೆಯುತ್ತೇನೆ.

ಮಗ್ಗದಮನಿ ದಾನವ್ವ