ಮಸಿಗೂಡನ್ನು ಬಾವಿಗೆ ಎಸೆಯಬೇಡಿ, ಅಜ್ಜಾ

ಹಳೇ ರಾಣೆಬೆನ್ನೂರು, ಹೆದ್ದಾರಿ ಬದಿ
ಧೂಳುಮಾಸದ ಒಂಬತ್ತನೇ ದಿನ, ಇಸವಿ ಎರಡು ಸಾವಿರದ ಇನ್ನೂರ ಹದಿನಾಲ್ಕು

ಗ್ಯಾರೇಜ್ ಮಿಸ್ತ್ರಿ ದಸ್ತಗೀರಸಾಬ ನದಾಫ ಅಜ್ಜನವರಿಗೆ, ನಿಮ್ಮ ಏಳನೇ ತಲೆಮಾರಿನ ಮೊಮ್ಮಗಳು ಮಾಬುಬಿಯ ಸಲಾಮು.

ತಾರೀಖು ನೋಡಿ ನಗಬೇಡಿ. ನಿಮಗೆ ಹನ್ನೆರಡೇ ತಿಂಗಳು ಸಾಕಾಗಿತ್ತು. ನಮ್ಮ ಬೇಸಿಗೆ ಬೆಳೆದು ಬೆಳೆದು ಹದಿಮೂರನೆಯದೊಂದನ್ನು ಬೇಡಿತು, ಅದಕ್ಕೆ ಧೂಳುಮಾಸ ಎಂದು ಹೆಸರಿಟ್ಟೆವು. ಮುಂದೆಯೂ ಇಂಥ ಅಪರಿಚಿತ ಮಾತುಗಳು ಬಂದಾವು, ಮನ್ನಿಸಿ. ದೊಡ್ಡ ತೀರ್ಮಾನದ ಹಿಂದಿನ ದಿನ ಸತ್ತ ಹಿರಿಯರಿಗೊಂದು ಕಾಗದ ಬರೆಯುವುದು ನಮ್ಮ ಪದ್ಧತಿ. ಅದಕ್ಕೆ ಹಿಂಬರಹ ಎನ್ನುತ್ತೇವೆ. ಉಳಿದವರು ಮನಸ್ಸಿನ ಸಮಾಧಾನಕ್ಕೆ ಬರೆಯುತ್ತಾರೆ. ನಾನು ಹೆದರಿಕೆಯಿಂದ ಬರೆಯುತ್ತಿದ್ದೇನೆ.

ನಾವು ಮುನ್ನೂರು ಜನ ಬದುಕಿರುವುದು ಒಂದು ಡೀಸೆಲ್ ಇಂಜಿನ್ನಿನ ದಯೆಯಿಂದ. ನಿಮ್ಮ ಕಾಲದ ಲಾರಿಯೊಂದರ ಇಂಜಿನ್ ಅದು. ಅದರ ಕರೆಂಟಿನ ಮಿದುಳು ಎಂದೋ ಸತ್ತಿತು. ನಮ್ಮ ಹಿರಿಯರು ಅದನ್ನು ಕಿತ್ತು, ಇನ್ನೂ ಹಳೆಯ ಕಾಲದ ಎಣ್ಣೆ ಪಂಪು ಜೋಡಿಸಿ, ಹೊಂಗೆ ಎಣ್ಣೆ ಕುಡಿಯುವುದನ್ನು ಕಲಿಸಿದರು. ಈಗ ಸಾವಿರದ ಇನ್ನೂರು ಅಡಿ ಕೆಳಗಿನಿಂದ ನೀರೆತ್ತುತ್ತದೆ. ಅದರ ಸದ್ದಿಗೆ ತಕ್ಕಂತೆ ನಾವಿಟ್ಟ ಹೆಸರು ಗುಡುಗಪ್ಪ. ಮಕ್ಕಳು ಆ ಸದ್ದಿನಲ್ಲೇ ನಿದ್ದೆ ಹೋಗುತ್ತವೆ. ಸದ್ದು ಸ್ವಲ್ಪ ತಡವರಿಸಿದರೆ ಊರಿಗೆ ಊರೇ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ನಿಲ್ಲುತ್ತದೆ. ಅದನ್ನು ಕೊನೆಯ ಸಲ ಆರಿಸಿದ್ದು ನಾಲ್ಕು ವರ್ಷದ ಹಿಂದೆ. ಮತ್ತೆ ಹೊತ್ತಿಸಲು ಹನ್ನೊಂದು ದಿನ ಹಿಡಿಯಿತು. ಅಷ್ಟರಲ್ಲಿ ತೊಟ್ಟಿಯ ನೀರು ತಳ ಕಂಡು ಆರು ಜನ ಮುದುಕರು ಹೋದರು. ಹೊತ್ತಿಸಬಲ್ಲವಳಾಗಿದ್ದ ನನ್ನ ತಾಯಿಯೂ ಈಗಿಲ್ಲ.

ನಿಮ್ಮ ರಿಪೇರಿ ಪುಸ್ತಕ ನನ್ನ ಹತ್ತಿರ ಇದೆ. ನಿಮ್ಮ ಭಾವಮೈದುನನಿಗೆ ಪೆಟ್ರೋಲ್ ಕಾರಿನ ಹುಚ್ಚು, ನಿಮಗೆ ಡೀಸೆಲ್ ಹುಚ್ಚು. ಒಂದು ಲೀಟರಿಗೆ ಅವನ ಕಾರು ಹದಿನೈದು ಕಿಲೋಮೀಟರ್ ಓಡಿದರೆ ನಿಮ್ಮದು ಇಪ್ಪತ್ತೆರಡು ಓಡಿತೆಂದು ಹಾಳೆ ತುಂಬ ಮೆರೆದಿದ್ದೀರಿ. “ಪೆಟ್ರೋಲ್ ಗಾಡಿ ರಮಿಸಿದ್ರ ಓಡ್ತೈತಿ, ಡೀಸೆಲ್ ಗಾಡಿ ಬೈದ್ರೂ ದುಡೀತೈತಿ” ಎಂದು ಬರೆದದ್ದನ್ನು ಓದಿ ನಾನು ನಕ್ಕಿದ್ದುಂಟು. ಮಾತು ಸುಳ್ಳೂ ಅಲ್ಲ. ಪೆಟ್ರೋಲ್ ಕಾರುಗಳೆಲ್ಲ ಈಗ ಕೋಳಿಗೂಡು. ಡೀಸೆಲ್ಲಿನದು ದಪ್ಪ ಎರಕದ ಮೈ, ಒಳಗಿನ ಒತ್ತಡ ತಡೆಯಲೆಂದೇ ಹಾಗೆ ಮಾಡಿದ್ದು, ಅದಕ್ಕೇ ಉಳಿಯಿತು. ಆದರೆ ಅವನ ಕಾರಿನ ಹೊಗೆ ನಿಮ್ಮದರಷ್ಟು ಕರಿ ಇರಲಿಲ್ಲವೆಂಬುದನ್ನು ನೀವು ಎಲ್ಲೂ ಬರೆಯಲಿಲ್ಲ.

ಆ ಕರಿ ಈಗ ನನ್ನ ಮಗಳ ಎದೆಯಲ್ಲಿದೆ. ಹಸೀನಾಗೆ ಏಳು ವರ್ಷ. ಧೂಳುಮಾಸದಲ್ಲಿ ಗಾಳಿ ಅಲುಗುವುದಿಲ್ಲ, ಹೊಗೆ ನಾವಿರುವ ತಗ್ಗಿನಲ್ಲೇ ಕೂರುತ್ತದೆ. ಮಕ್ಕಳನ್ನು ಉಸಿರುಮನೆಯಲ್ಲಿಡುತ್ತೇವೆ, ಎಂದರೆ ಬಾಗಿಲಿಗೆ ಐದು ಮಡಿಕೆ ಹಸಿ ಗೋಣಿ ಕಟ್ಟಿದ ಕೋಣೆ. ಸಂಜೆಗೆ ಆ ಗೋಣಿ ಹಿಂಡಿದರೆ ಶಾಯಿ ಇಳಿಯುತ್ತದೆ. ಮೊನ್ನೆ ಅವಳು ತನ್ನ ಎದೆಯ ಗೊರಗೊರ ಕೇಳಿಸಿಕೊಂಡು, “ಅವ್ವಾ, ನನ್ನೊಳಗೂ ಒಂದು ಗುಡುಗಪ್ಪ ಐತೇನ?” ಎಂದಳು. ನಾನು ಎದ್ದು ಬಾಗಿಲಿನ ಗೋಣಿಯನ್ನು ಇನ್ನೊಮ್ಮೆ ನೆನೆಸಿ ಕಟ್ಟಿದೆ. ಈ ವರ್ಷ ಅವಳ ಓರಗೆಯ ನಾಲ್ಕು ಮಕ್ಕಳನ್ನು ಮಣ್ಣು ಮಾಡಿದ್ದೇವೆ.

ಇಂಜಿನ್ ಆರಿಸಬೇಕೋ ಬೇಡವೋ ಎಂದು ನಾಳೆ ಮಧ್ಯಾಹ್ನ ಊರು ಕೂಡಿ ತೀರ್ಮಾನಿಸುತ್ತದೆ. ಊರ ಹಿರಿಯಳು ಫಕ್ಕೀರವ್ವ ಈಗಲೇ ಹೇಳಿಬಿಟ್ಟಿದ್ದಾಳೆ: “ಮಸಿ ಕುಡದು ಮೂವತ್ತು ವರ್ಷ ಬದುಕೀವಿ. ನೀರಿಲ್ಲದ ಮೂರು ದಿನಾ ಬದುಕಂಗಿಲ್ಲ.” ಅವಳ ಲೆಕ್ಕ ತಪ್ಪಲ್ಲ. ಆ ಲೆಕ್ಕದಲ್ಲಿ ಹಸೀನಾ ಇಲ್ಲ, ಅಷ್ಟೇ.

ಅಜ್ಜಾ, ಗುಡುಗಪ್ಪನ ಮೈಮೇಲೆ ಕೊರೆದ ಇಂಜಿನ್ ನಂಬರೇ ನಿಮ್ಮ ಪುಸ್ತಕದಲ್ಲೂ ಇದೆ. ನೂರ ಹನ್ನೆರಡನೇ ಹಾಳೆ. “ಮಸಿ ಹಿಡಿದು ಫಿಲ್ಟರ್ ಕಟ್ಟಿಕೊಂಡಿತ್ತು. ಕತ್ತರಿಸಿ ತೆಗೆದು ನೇರ ಪೈಪ್ ಬೆಸುಗೆ ಹಾಕಿದೆ. ಮೈಲೇಜ್ ಏರಿತು. ಡ್ರೈವರ್ ಖುಷ್. ಫಿಲ್ಟರ್ ಹಿಂದಿನ ಬಾವಿಗೆ ಒಗೆದೆ.” ನೀವು ಫಿಲ್ಟರ್ ಎಂದಿದ್ದನ್ನು ನಾವು ಮಸಿಗೂಡು ಎನ್ನುತ್ತೇವೆ, ಒಳಗೆ ಜೇನುಗೂಡಿನಂಥ ಕಣ್ಣುಗಳಿರುತ್ತವೆಂದು ಕೇಳಿದ್ದೇವೆ. ಅಂಥ ಸುಟ್ಟ ಮಣ್ಣಿನ ಕಣ್ಣು ಮಾಡುವ ವಿದ್ಯೆ ನಮಗೆ ದಕ್ಕಿಲ್ಲ. ಹೋದ ವಾರ ಹಗ್ಗ ಕಟ್ಟಿಕೊಂಡು ನಾನೇ ಆ ಬಾವಿಗೆ ಇಳಿದೆ. ಒಂದಲ್ಲ, ನಲವತ್ತರ ಮೇಲಿದ್ದವು. ಎಲ್ಲವೂ ಕಲ್ಲಿಗೆ ಬಡಿದು ಒಡೆದು ರವೆಯಾಗಿದ್ದವು. ಒಂದು ಹಿಡಿ ಮೇಲೆ ತಂದು ಕೂತು ಅತ್ತೆ. ನಿಮ್ಮ ಮೇಲೆ ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ.

ಈಗ ಸಿಟ್ಟಿಗೂ ಪುರುಸೊತ್ತಿಲ್ಲ. ನಿಮ್ಮ ಗ್ಯಾರೇಜಿನ ಗೋಡೆಗಳು ಬಿದ್ದಿವೆ, ಆದರೆ ಬಡಗಣ ಮೂಲೆಯ ಹಾಸುಗಲ್ಲು ಹಾಗೇ ಇದೆ. ಅದರಡಿ ಒಣ ಮಣ್ಣು. ಒಂದೇ ಒಂದು ಮಸಿಗೂಡನ್ನು ಗೋಣಿಯಲ್ಲಿ ಸುತ್ತಿ ಅಲ್ಲಿ ಹೂಳಿ. ಇಂಜಿನ್ ಆರಿಸದೆಯೇ ಹೊಗೆಯ ಪೈಪ್ ಕೊಯ್ದು ಜೋಡಿಸಬಲ್ಲೆ, ನಿಮ್ಮದೇ ಕೈಗುಣ ನನಗೂ ಬಂದಿದೆ. ನೀರೂ ಉಳಿದೀತು, ಮಗುವೂ ಉಳಿದೀತು. ಆ ಕಲ್ಲನ್ನು ನಾನು ಈವರೆಗೆ ಎತ್ತಿಲ್ಲ. ಹೂಳಲು ನಿಮಗೆ ಇನ್ನೂ ಸಮಯ ಇರಲಿ ಎಂದು ಬೇಕೆಂದೇ ಎತ್ತಿಲ್ಲ.

ನಾಳೆ ಹೊತ್ತು ಮೂಡಿದ ಮೇಲೆ ಹಾರೆ ಹಿಡಿದು ಬರುತ್ತೇನೆ. ಅದಕ್ಕಿಂತ ತಡ ಮಾಡಲಾರೆ. ಅಜ್ಜಾ, ಇವತ್ತೇ ಹೂಳಿ.